ಪೂಜೆಗೆ ಮುಂಚಿನ ನೀರು

ಭಾನುವಾರ ಬೆಳಿಗ್ಗೆ ಇಗರ್ಜಿಗೆ ಹೊರಡುವ ಮೊದಲು ನೀರಿನ ಲೋಟ ಎತ್ತಿದರೆ ಈಗಲೂ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ. ಮೊಮ್ಮಕ್ಕಳು ಅಂಗಳ ಇಳಿಯುವವರೆಗೂ ದೋಸೆ ಮೆಲ್ಲುತ್ತಿರುತ್ತಾರೆ. "ಎಂತ ಮಾರಾಯ್ತಿ ಅಜ್ಜಿ, ನೀರಿಗೂ ಹೆದರುದಾ?" ಎಂದು ನಗುತ್ತಾರೆ. ಅಜ್ಜಿಯನ್ನು ಮಾರಾಯ್ತಿ ಎನ್ನುವ ಕಾಲ ಬಂದಿದೆ, ಇರಲಿ. ನೀರಿಗೆ ಹೆದರಿ ಬದುಕಿದ ಒಂದು ಮನೆಯಲ್ಲಿ ನಾನು ಬೆಳೆದೆ ಎಂದರೆ ಅವರಿಗೆ ನಂಬಿಕೆ ಬರುವುದಿಲ್ಲ. ಅದಕ್ಕೇ ಬರೆದಿಡುತ್ತೇನೆ, ಬೇಕಾದರೆ ಓದಿಕೊಳ್ಳಲಿ.

ನಾವು ಕೇರಳದಿಂದ ಈ ಕಡೆಗೆ ಬಂದಾಗ ನನಗೆ ಹಾಲುಹಲ್ಲು ಬಿದ್ದಿರಲಿಲ್ಲ. ಕಡಬದಿಂದ ಒಳಗೆ, ಹೊಳೆಯ ಈಚೆ, ಅಪ್ಪ ಒಂದು ಗುಡ್ಡ ಕೊಂಡಿದ್ದರು. ಗುಡ್ಡ ಎಂದರೆ ಕಾಡೇ. ಕಡಿದು, ಸುಟ್ಟು, ಮರಗೆಣಸು ನಟ್ಟು, ಮಣ್ಣಿನ ಗೋಡೆ ಎಬ್ಬಿಸಿ ಮುಳಿಹುಲ್ಲು ಹೊದೆಸಿದ್ದೇ ಮನೆ. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಮತ್ತು ಅಪ್ಪನ ತಾಯಿ. ಆಕೆಯನ್ನು ನಾವೆಲ್ಲ ಅಮ್ಮಚ್ಚಿ ಎನ್ನುತ್ತಿದ್ದೆವು. ಮನೆಮಾತು ಮಲಯಾಳ. ನಾನೊಬ್ಬಳು ಶಾಲೆಗೆ ಹೋಗಿ ಕನ್ನಡ ಕಲಿತೆ, ಶಾಲೆಯ ದಾರಿಯಲ್ಲಿ ತುಳು ಕಲಿತೆ. ಅಮ್ಮನಿಗೆ ಕನ್ನಡ ಬರುತ್ತಿದ್ದದ್ದು ಉಪ್ಪು, ಮೆಣಸು ಕೇಳುವಷ್ಟು ಮಾತ್ರ. ಮನೆಯವರು ಆಡಿದ್ದನ್ನೆಲ್ಲ ಇಲ್ಲಿ ನಾನೇ ಕನ್ನಡಕ್ಕೆ ತಂದಿದ್ದೇನೆ, ಮಗಳೇ ಎನ್ನುವ ‘ಮೋಳೇ’ ಒಂದನ್ನು ಬಿಟ್ಟು.

ನಮ್ಮ ಹಾಗೆ ಬಂದ ಮನೆಗಳು ಆ ಗುಡ್ಡಗಳಲ್ಲಿ ಅಲ್ಲೊಂದು ಇಲ್ಲೊಂದು ಇದ್ದವು. ಎಲ್ಲ ಮನೆಗೂ ಚಳಿಜ್ವರ ಒಂದು ಸುತ್ತು ಹೊಡೆದು ಹೋಗಿತ್ತು. ದೊಡ್ಡ ಇಗರ್ಜಿ ಹೊಳೆಯ ಆಚೆ, ಬಹಳ ದೂರ. ಮಳೆಗಾಲದಲ್ಲಿ ಕುಮಾರಧಾರೆ ತುಂಬಿದರೆ ದೋಣಿಯವನು ದೋಣಿಯನ್ನು ಮರಕ್ಕೆ ಕಟ್ಟಿ ಮನೆಗೆ ಹೋಗುತ್ತಿದ್ದ. ಆಮೇಲೆ ದೇವರೂ ನಮ್ಮ ಕಡೆ ಬರುವ ಹಾಗಿಲ್ಲ, ನಾವೂ ದೇವರ ಕಡೆ ಹೋಗುವ ಹಾಗಿಲ್ಲ. ಉಳಿದ ಕಾಲದಲ್ಲಿ ತಿಂಗಳಿಗೊಂದು ಭಾನುವಾರ ಪಾದ್ರಿಗಳು ಹೊಳೆ ದಾಟಿ ನಮ್ಮ ಕಡೆಗೆ ಬರುತ್ತಿದ್ದರು. ನಾಲ್ಕು ಕಂಬ ನಟ್ಟು ಮಾಡು ಇಳಿಸಿದ ಒಂದು ಕೊಟ್ಟಿಗೆಯಂಥ ಚಪ್ಪರದಲ್ಲಿ ಪೂಜೆ. ಅವರು ಕೊಂಕಣಿಯವರು, ಪೂಜೆ ಲ್ಯಾಟಿನಿನಲ್ಲಿ, ಪ್ರಸಂಗ ಕನ್ನಡದಲ್ಲಿ, ಕೇಳುವವರು ಮಲಯಾಳಿಗಳು. ನಮ್ಮ ಮನೆಯಿಂದ ಆ ಚಪ್ಪರಕ್ಕೆ ಅರ್ಧ ಬೆಳಗಿನ ನಡಿಗೆ.

ಆ ನಡಿಗೆ ಪೂರ್ತಿ ಬಾಯಾರಿಕೆಯದು. ಪೂಜೆಯಲ್ಲಿ ಪಾದ್ರಿಗಳು ನಾಲಿಗೆಯ ಮೇಲಿಡುವ ಪರಮಪ್ರಸಾದ ತೆಗೆದುಕೊಳ್ಳುವವರು ಹಿಂದಿನ ನಡುರಾತ್ರಿಯಿಂದ ಏನೂ ಮುಟ್ಟಬಾರದು, ಒಂದು ಹನಿ ನೀರು ಕೂಡ. ಮುಟ್ಟಿ ತೆಗೆದುಕೊಂಡರೆ ಅದು ಸಾವಿಗೆ ತಕ್ಕ ಪಾಪ. ಅಮ್ಮಚ್ಚಿ ಇದನ್ನು ಕಾಯುತ್ತಿದ್ದ ರೀತಿಗೆ ಪೊಲೀಸರೂ ನಾಚಬೇಕು. ಭಾನುವಾರ ಬೆಳಿಗ್ಗೆ ನೀರಿನ ಹಂಡೆಗೆ ಮರದ ಮುಚ್ಚಳ ಹಾಕಿ ಅದರ ಮೇಲೆ ಜಪಮಾಲೆ ಇಡುತ್ತಿದ್ದಳು. ಬಾಯಿ ಮುಕ್ಕಳಿಸಲೂ ಇಲ್ಲ, ಎಲ್ಲಿಯಾದರೂ ಒಂದು ಹನಿ ಗಂಟಲಿಗೆ ಇಳಿದರೆ! ಹಾಗಾಗಿ ದೇವರ ಹತ್ತಿರ ನಾವೆಲ್ಲ ಬಾಯಿ ನಾರಿಸಿಕೊಂಡೇ ಹೋಗುತ್ತಿದ್ದೆವು. ಉಗುಳು ನುಂಗಿದರೆ ಪಾಪವೋ, ಮಂಜಿನ ಹನಿ ತುಟಿಗೆ ಬಿದ್ದು ನೆಕ್ಕಿದರೆ ಪಾಪವೋ ಎಂದು ಮಕ್ಕಳು ದಾರಿಯುದ್ದಕ್ಕೂ ಜಗಳ ಆಡುತ್ತಿದ್ದೆವು. ಆಟವಲ್ಲ ಅದು, ನಮಗೆ ನಿಜವಾಗಿಯೂ ಹೆದರಿಕೆಯಿತ್ತು. ನಾನು ಎಷ್ಟೋ ಭಾನುವಾರ ಬಾಯಿ ಬಿಗಿ ಹಿಡಿದು ಮೂಗಿನಲ್ಲೇ ಉಸಿರಾಡುತ್ತ ನಡೆದಿದ್ದೇನೆ.

ದಾರಿಯ ನಡುವೆ ಒಂದು ಗೌಡರ ಮನೆ. ಆ ಮನೆಯ ಗೌಡ್ತಿ ದೊಡ್ಡ ಗಂಟಲಿನ, ದೊಡ್ಡ ಮನಸ್ಸಿನ ಹೆಂಗಸು. ಮನೆಯೊಳಗೆ ಅರೆಭಾಷೆ ಆಡುತ್ತಿದ್ದಳು, ನಮ್ಮ ಹತ್ತಿರ ಕನ್ನಡ. ಈ ಕಡೆಯ ಮರ್ಯಾದೆ ಗೊತ್ತಲ್ಲ, ಜಗಲಿ ಮುಂದೆ ಹಾದವರಿಗೆ ಬೆಲ್ಲ ನೀರು ಕೊಡದೆ ಕಳಿಸುವುದಿಲ್ಲ. ನಮ್ಮನ್ನು ಕಂಡ ಕೂಡಲೇ ಅವಳು ಚೆಂಬು ಹಿಡಿದು ಬರುವುದು, ನಾವು ಕೈ ಆಡಿಸಿ ಮುಂದೆ ಹೋಗುವುದು.

"ನಮ್ಮ ಮನೆ ನೀರು ನಿಮಗೆ ಆಗುದಿಲ್ವಾ?" ಎಂದು ಒಮ್ಮೆ ಸಿಟ್ಟಿನಲ್ಲೇ ಕೇಳಿದಳು.

ಹಾಗಲ್ಲ, ಇದು ದೇವರ ಉಪವಾಸ ಎಂದು ನಾನು ಹೇಳಿದೆ.

"ನಮ್ಮಲ್ಲೂ ಉಪವಾಸ ಉಂಟು. ನೀರು ಕುಡಿಬೇಡ ಅಂತ ಹೇಳುವ ದೇವ್ರು ಯಾವುದು ಮಾರಾಯ್ತಿ? ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ?" ಎಂದಳು. ಅಮ್ಮಚ್ಚಿಗೆ ಕನ್ನಡ ತಿಳಿಯದಿದ್ದದ್ದು ಆ ದಿನ ಒಳ್ಳೆಯದೇ ಆಯಿತು.

ನನ್ನ ತಂಗಿ ಆ ಗುಡ್ಡದ ಮೇಲೆಯೇ ಹುಟ್ಟಿದವಳು. ಗುಂಡು ಗುಂಡಾಗಿದ್ದಳು, ನಕ್ಕರೆ ಕಣ್ಣು ಮುಚ್ಚಿಹೋಗುತ್ತಿದ್ದವು. ಒಂದು ಬೇಸಿಗೆಯಲ್ಲಿ ಅಮ್ಮ ಅವಳನ್ನು ಎತ್ತಿಕೊಂಡು ಪೂಜೆಗೆ ಹೋಗಿ ಬಂದಳು. ಅದೇ ವಾರ ಮಗುವಿಗೆ ಜ್ವರ ಬಂತು. ಇನ್ನೊಂದು ಭಾನುವಾರ ಬರುವುದರೊಳಗೆ ತಂಗಿ ಇರಲಿಲ್ಲ. ಅಪ್ಪ ಹಲಸಿನ ಹಲಗೆಯ ಚಿಕ್ಕ ಪೆಟ್ಟಿಗೆ ಮಾಡಿದರು. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ಆಮೇಲೆ ಅಮ್ಮ ಬೇರೆಯೇ ಆದಳು. ತಿಂಗಳ ಪೂಜೆಗೆ ಬರುತ್ತಿದ್ದಳು, ಹಿಂದಿನ ಸಂಜೆಯಿಂದಲೇ ನೀರು ಬಿಡುತ್ತಿದ್ದಳು, ಬಿಸಿಲಿನಲ್ಲಿ ನಮ್ಮೊಟ್ಟಿಗೇ ನಡೆಯುತ್ತಿದ್ದಳು. ಆದರೆ ಪ್ರಸಾದಕ್ಕೆ ಎಲ್ಲರೂ ಎದ್ದಾಗ ಅವಳು ಏಳುತ್ತಿರಲಿಲ್ಲ. ಒಂದು ಸಲ ತಲೆ ತಿರುಗುತ್ತದೆ, ಒಂದು ಸಲ ಹೊಟ್ಟೆ ಸರಿಯಿಲ್ಲ. ಚಪ್ಪರದ ಹಿಂದಿನ ಕಂಬಕ್ಕೆ ಒರಗಿ, ಸೆರಗು ಮುಖದ ಮೇಲೆ ಎಳೆದುಕೊಂಡು ಕೂರುತ್ತಿದ್ದಳು. ಅಷ್ಟು ಕಷ್ಟಪಟ್ಟು ಉಪವಾಸ ಮಾಡಿ ಬಂದವಳು ಯಾಕೆ ಹೀಗೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಅಮ್ಮಚ್ಚಿ ನೋಡಿಯೂ ನೋಡದ ಹಾಗಿದ್ದಳು. ಅವಳೂ ಅದೇ ಸಮಯದಲ್ಲಿ ಒಂದು ಹೊಸ ಹಟ ಹಿಡಿದಿದ್ದಳು, ಬುಧವಾರ ಬುಧವಾರ ಗಂಜಿ ಮುಟ್ಟುತ್ತಿರಲಿಲ್ಲ. ಮುದುಕಿಗೆ ಭಕ್ತಿ ಹೆಚ್ಚಾಗಿದೆ ಎಂದುಕೊಂಡೆವು.

ಅಮ್ಮ ಮತ್ತೆ ಬಸುರಿಯಾದಳು. ಮಳೆ ಹಿಡಿಯುವ ಮುಂಚೆ ಒಂದು ಮಧ್ಯಾಹ್ನ ಇಬ್ಬರೂ ಅಂಗಳದಲ್ಲಿ ಕೂತು ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದೆವು. ಅಮ್ಮ ಕೇಳಿದಳು, "ಮೋಳೇ, ‘ನೀರು ಕುಡಿದೆ’ ಅಂತ ಕನ್ನಡದಲ್ಲಿ ಹೇಗೆ ಹೇಳುದು?"

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಗುಡ್ಡದ ಹೆಂಗಸರೆಲ್ಲ ಪಾದ್ರಿಗಳ ಕಿವಿಯಲ್ಲಿ ಪಾಪ ಹೇಳಿ ಕ್ಷಮೆ ಬೇಡುವ ಪಾಪನಿವೇದನೆಯಲ್ಲಿ ಒಂದೇ ರೀತಿಯ ಪಾಪಗಳನ್ನು ಹೇಳುತ್ತಿದ್ದರು. ಪಾದ್ರಿಗಳಿಗೆ ಮಲಯಾಳ ಬಾರದು, ಇವರಿಗೆ ಕನ್ನಡ ಬಾರದು. ಹಾಗಾಗಿ ಯಾರೋ ಕಲಿಸಿಕೊಟ್ಟ ಒಂದು ಸಾಲನ್ನು ಎಲ್ಲರೂ ಬಾಯಿಪಾಠ ಮಾಡಿದ್ದರು. ‘ಸಿಟ್ಟು ಮಾಡಿದೆ, ಸುಳ್ಳು ಹೇಳಿದೆ, ಸಂಜೆ ಪ್ರಾರ್ಥನೆ ತಪ್ಪಿಸಿದೆ.’ ಸಿಟ್ಟೇ ಬಾರದ ಹೆಂಗಸೂ ಸಿಟ್ಟು ಮಾಡಿದೆ ಎನ್ನುತ್ತಿದ್ದಳು, ಬೇರೆ ಪಾಪ ಮಾಡಿದವಳೂ ಅದನ್ನೇ ಹೇಳಿ ಎದ್ದು ಬರುತ್ತಿದ್ದಳು. ನಮ್ಮ ಕಡೆಯವರೆಲ್ಲ ಇಷ್ಟು ಒಳ್ಳೆಯವರು ಎಂದು ಪಾದ್ರಿಗಳು ಅಂದುಕೊಂಡಿದ್ದರೋ ಏನೋ.

ನಾನು ಕನ್ನಡ ಹೇಳಿಕೊಟ್ಟೆ. ಅಮ್ಮ ಎರಡು ಸಲ ಹೇಳಿ ನೋಡಿದಳು. "‘ಪ್ರಸಾದಕ್ಕೆ ಮೊದಲು’ ಅನ್ನುದು?" ಅದನ್ನೂ ಹೇಳಿದೆ. ಅವಳ ಕೈಯಲ್ಲಿ ಕತ್ತಿ ನಿಂತಿತು. "‘ಅದಕ್ಕೆ ದೇವರು ಮಗುವನ್ನು ತೆಗೆದುಕೊಂಡರು’ ಅನ್ನುದು ಹೇಗೆ?"

ಅಮ್ಮ ನೆಲ ನೋಡುತ್ತಲೇ ಹೇಳಿದಳು. ಆ ಬೇಸಿಗೆಯ ಭಾನುವಾರ ಮಗು ದಾರಿಯುದ್ದಕ್ಕೂ ಹಾಲು ಕುಡಿಯುತ್ತಿತ್ತು. ನಾವು ಮುಂದೆ ಹೋಗಿದ್ದೆವು. ಗೌಡ್ತಿ ಚೆಂಬು ಮುಂದೆ ಹಿಡಿದಳು. ಕಣ್ಣು ಕತ್ತಲೆ ಬಂದು ಅಮ್ಮ ಕುಡಿದುಬಿಟ್ಟಳು. ಅತ್ತೆಗೆ ಗೊತ್ತಾಗಬಾರದೆಂದು ಚಪ್ಪರಕ್ಕೆ ಬಂದು ಎಲ್ಲರೊಟ್ಟಿಗೆ ನಾಲಿಗೆ ಚಾಚಿ ಪ್ರಸಾದವನ್ನೂ ತೆಗೆದುಕೊಂಡಳು. ಅದೇ ವಾರ ಮಗುವಿಗೆ ಜ್ವರ.

"ಈಗ ಇದು ಹೊಟ್ಟೆಯಲ್ಲಿ ಉಂಟು," ಎಂದಳು ಅಮ್ಮ. "ಇದು ಹೊರಗೆ ಬರುವ ಮೊದಲು ನಾನು ಹೇಳಿ ಮುಗಿಸಬೇಕು. ಇಲ್ಲದಿದ್ದರೆ ಇದನ್ನೂ ಕೊಂಡೋಗ್ತಾರೆ."

ನಾನು ಅಳಲಿಲ್ಲ, ಅಳುವಷ್ಟು ಧೈರ್ಯವೂ ಇರಲಿಲ್ಲ. ಆ ದಿನದಿಂದ ಗೋಡೆಯ ಮೇಲಿದ್ದ ಯೇಸುವಿನ ಚಿತ್ರದ ಮುಂದೆ ಹಾಯುವುದೇ ನನಗೆ ಕಷ್ಟವಾಯಿತು. ಎದೆಯನ್ನು ಬಿಚ್ಚಿ ತೋರಿಸುವ ಆ ಸೌಮ್ಯ ಮುಖ ನಮ್ಮ ಮನೆಯ ನೀರಿನ ಹನಿಗಳನ್ನು ಎಣಿಸುತ್ತಿದೆ ಎಂದು ನಂಬಿದ್ದೆ. ಸಂಜೆ ಪ್ರಾರ್ಥನೆಗೆ ಮೊಣಕಾಲೂರಿದಾಗ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬಲ್ಲಿಗೆ ನನ್ನ ದನಿ ಸಣ್ಣದಾಗುತ್ತಿತ್ತು. ತಂದೆ ಎಂದರೆ ನನ್ನ ಅಪ್ಪನಂತೆ ಇರಬೇಕಲ್ಲ? ನಮ್ಮಪ್ಪ ಯಾರನ್ನೂ ನೀರಿಗಾಗಿ ಹೊಡೆದವರಲ್ಲ.

ಮಳೆ ಹಿಡಿಯಿತು. ಹೊಳೆ ತುಂಬಿತು, ಪಾದ್ರಿಗಳು ಬರಲಿಲ್ಲ. ಅಮ್ಮನ ಹೊಟ್ಟೆ ಬೆಳೆಯುತ್ತಾ ಹೋಯಿತು. ಅಡುಗೆ ಮಾಡುವಾಗ, ಬಟ್ಟೆ ಒಗೆಯುವಾಗ ಅವಳ ತುಟಿ ಅಲ್ಲಾಡುತ್ತಿತ್ತು. ನೋಡಿದವರು ಜಪ ಎಂದುಕೊಳ್ಳುತ್ತಿದ್ದರು. ಅವಳು ನಾನು ಕಲಿಸಿದ ಕನ್ನಡವನ್ನು ಗಟ್ಟಿ ಮಾಡುತ್ತಿದ್ದಳು. ಗುಡುಗಿದಾಗೆಲ್ಲ ನನ್ನ ಕಡೆ ನೋಡುತ್ತಿದ್ದಳು. ಹೊಳೆ ಇಳಿಯುವುದು ಮೊದಲೋ ಮಗು ಬರುವುದು ಮೊದಲೋ ಎಂದು ನಾವಿಬ್ಬರೇ ಒಳಗೊಳಗೆ ಕಾಯುತ್ತಿದ್ದೆವು. ಅಪ್ಪನಿಗೆ ಹೇಳೋಣ ಎಂದರೆ, "ಅವರು ನೇರ ಅಮ್ಮಚ್ಚಿಗೆ ಹೇಳ್ತಾರೆ, ಬೇಡ" ಎಂದಳು.

ಅಂತೂ ಹೊಳೆ ಇಳಿಯಿತು. ಬರುವ ಭಾನುವಾರ ಪೂಜೆ ಎಂದು ಸುದ್ದಿ ಬಂತು. ಅಮ್ಮನಿಗೆ ದಿನ ತುಂಬುತ್ತಾ ಬಂದಿತ್ತು. ಅಪ್ಪ ಬೇಡವೇ ಬೇಡ ಎಂದರು. ಆಶ್ಚರ್ಯವೆಂದರೆ ಅಮ್ಮಚ್ಚಿಯೇ "ಅವಳು ಹೋಗಲಿ, ನಾನಿದ್ದೇನೆ" ಎಂದಳು.

ಬೆಳಕು ಹರಿಯುವಾಗ ಹೊರಟೆವು. ಬಿದಿರಿನ ಮೆಳೆ ದಾಟುವಲ್ಲಿ ದಾರಿಯ ಮಧ್ಯೆ ಆನೆಯ ಲದ್ದಿ ಬಿದ್ದಿತ್ತು, ಇನ್ನೂ ಬಿಸಿ ಆರಿರಲಿಲ್ಲ. ಗುತ್ತಿಗಾರಿನ ಕಡೆಯ ಕಾಡಿನಿಂದ ಇಳಿದ ಹಿಂಡು ಎಂದು ಅಪ್ಪ ಪಿಸುಗುಟ್ಟಿದರು. ಮಾತಾಡಬೇಡಿ, ಓಡಬೇಡಿ ಎಂದರು. ಹೆದರುವವರ ಮೇಲೆ ಕಪ್ಪೆ ಎಸೆದ ಹಾಗಾಯಿತು. ಎಡಗಡೆ ಎಲ್ಲೋ ಬಿದಿರು ಲಟಕ್ಕೆಂದು ಮುರಿಯಿತು. ಅಮ್ಮ ನನ್ನ ಮಣಿಕಟ್ಟು ಹಿಡಿದಳು, ಅವಳ ಉಗುರು ನನ್ನ ಚರ್ಮಕ್ಕೆ ಇಳಿಯಿತು. "ಹೇಳುವ ಮೊದಲು ಸಾಯಬಾರದು, ಹೇಳುವ ಮೊದಲು ಬೇಡ ಕರ್ತನೇ" ಎನ್ನುತ್ತಿದ್ದಳು. ಆನೆಗಿಂತ ಆ ಮಾತೇ ನನಗೆ ಹೆಚ್ಚು ಭಯ ಹುಟ್ಟಿಸಿತು. ನಾವು ಒಬ್ಬರ ಹಿಂದೆ ಒಬ್ಬರು ಜಾರಿಕೊಂಡು ದಾಟಿದೆವು.

ಗೌಡ್ತಿಯ ಜಗಲಿ ತಲುಪುವಾಗ ಅಮ್ಮನ ತುಟಿ ಬಿಳಿಚಿತ್ತು. ಗೌಡ್ತಿ ಚೆಂಬು ತಂದವಳು ಬೈಯಲು ಶುರುಮಾಡಿದಳು. "ಎಂತ ಬುದ್ಧಿ ಇದು? ಹೊಟ್ಟೆಯಲ್ಲಿ ಮಗು ಇಟ್ಕೊಂಡು ನೀರು ಕುಡಿಯದೆ ಹೋಗುದಾ? ಹಿಂದೆ ಒಮ್ಮೆ ಕುಡ್ದಿದ್ದಿಯಲ್ಲ, ಏನಾಯ್ತು ಆಗ?"

ಸದ್ಯ, ಅಪ್ಪ ಮುಂದೆ ಹೋಗಿದ್ದರು. ಏನಾಯಿತು ಎಂದು ಆ ಪುಣ್ಯಾತ್ಗಿತ್ತಿಗೆ ಯಾರು ಹೇಳುವುದು? ಅಮ್ಮ ಚೆಂಬನ್ನು ಮೆಲ್ಲಗೆ ದೂಡಿ ನಡೆದಳು.

ಚಪ್ಪರದ ಒಂದು ಮೂಲೆಯಲ್ಲಿ ಬಿದಿರಿನ ತಟ್ಟಿ ನಿಲ್ಲಿಸಿ, ಅದರ ಆಚೆ ಕುರ್ಚಿಯಲ್ಲಿ ಪಾದ್ರಿಗಳು ಕೂತು ಪಾಪನಿವೇದನೆ ಕೇಳುತ್ತಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಅದೇ ಸಿಟ್ಟು, ಅದೇ ಸುಳ್ಳು ಹೇಳಿ ಎದ್ದು ಬಂದರು. ಅಮ್ಮನ ಸರದಿ ಬಂತು. ಹೊಟ್ಟೆ ಹಿಡಿದುಕೊಂಡು ಕಷ್ಟದಲ್ಲಿ ಮೊಣಕಾಲೂರಿದಳು. ನಾನು ದೂರದಲ್ಲಿ ನಿಂತು ಅವಳ ಬೆನ್ನನ್ನೇ ನೋಡುತ್ತಿದ್ದೆ. ಬಹಳ ಹೊತ್ತಾಯಿತು. ಒಮ್ಮೆ ಪಾದ್ರಿಗಳು ಏನೋ ಕೇಳಿದ ಹಾಗೆ, ಅಮ್ಮ ತಲೆಯಾಡಿಸಿದ ಹಾಗೆ ಕಂಡಿತು.

ಎದ್ದು ಬಂದವಳ ಮುಖದಲ್ಲಿ ಸಮಾಧಾನ ಇರಲಿಲ್ಲ. ನನ್ನನ್ನು ಕಂಬದ ಹಿಂದೆ ಎಳೆದಳು. "ಪಾಪ ಅಲ್ಲ ಅಂದರು. ಮತ್ತೆ ಮತ್ತೆ ಅದನ್ನೇ ಅಂದರು. ನಾನು ಹೇಳಿದ್ದು ಅವರಿಗೆ ತಿಳಿಯಲೇ ಇಲ್ಲ ಮೋಳೇ! ತಿಳಿಯದೆ ಕ್ಷಮಿಸಿದರೆ ಅದು ಕ್ಷಮಿಸಿದ ಹಾಗೆ ಆಗ್ತದಾ?" ಅಷ್ಟು ತಿಂಗಳು ಉರುಹೊಡೆದದ್ದು ನೀರಿಗೆ ಹೋಯಿತಲ್ಲ ಎಂದು ನನಗೆ ಜೀವ ಬಾಯಿಗೆ ಬಂತು.

ಪೂಜೆ ಶುರುವಾಗಬೇಕಿತ್ತು. ಪಾದ್ರಿಗಳು ಬಿಳಿ ನಿಲುವಂಗಿಯಲ್ಲೇ ಎಲ್ಲರ ಮುಂದೆ ಬಂದು ನಿಂತರು. "ಯಾರಾದ್ರೂ ಒಂದು ಚೆಂಬು ನೀರು ತನ್ನಿ" ಎಂದರು. ಕೈ ತೊಳೆಯಲು ಎಂದುಕೊಂಡು ಒಬ್ಬರು ತಂದರು. ಪಾದ್ರಿಗಳು ಚೆಂಬು ಎತ್ತಿ, ತಲೆ ಹಿಂದಕ್ಕೆ ಮಾಡಿ, ಎಲ್ಲರೂ ನೋಡುತ್ತಿರುವ ಹಾಗೆಯೇ ಗಟಗಟ ಕುಡಿದರು.

ಅಯ್ಯೋ ದೇವರೇ! ಪೂಜೆ ಮಾಡುವವರೇ ಪೂಜೆಗೆ ಮೊದಲು ನೀರು ಕುಡಿಯುವುದು! ಒಬ್ಬಾಕೆ ಶಿಲುಬೆಯ ಗುರುತು ಹಾಕಿಕೊಂಡಳು. ಮಾಡು ಕುಸಿದು ಬೀಳುತ್ತದೆ ಎಂದು ನಾನು ಮೇಲೆ ನೋಡಿದೆ, ನಿಜವಾಗಿಯೂ ನೋಡಿದೆ.

"ನೀವೆಲ್ಲ ಇಷ್ಟು ದೂರ ಒಂದು ಹನಿ ನೀರೂ ಕುಡಿಯದೆ ನಡೆದು ಬರುದಾ?" ಎಂದು ಕೇಳಿದರು. ನಾಲ್ಕು ಜನ ಹೌದೆಂದು ತಲೆಯಾಡಿಸಿದರು. "ಮಾರಾಯ್ರೆ, ನೀರು ಕುಡಿಯಬಹುದು ಅಂತ ರೋಮಿನಿಂದ ಅಪ್ಪಣೆ ಬಂದು ವರ್ಷಗಳೇ ಆಯ್ತು. ನೀರು ಕುಡಿದರೆ ಉಪವಾಸ ಮುರಿಯುದಿಲ್ಲ. ನಾನು ಇಗರ್ಜಿಯಲ್ಲಿ ಓದಿ ಹೇಳಿದ್ದೆನಲ್ಲ..." ಅಲ್ಲಿಗೆ ಅವರು ನಿಂತರು. ಓದಿ ಹೇಳಿದ್ದು ಮಳೆಗಾಲದಲ್ಲಿ. ಆ ಭಾನುವಾರ ಹೊಳೆಯ ಈಚೆಯವರು ಒಬ್ಬರೂ ಅಲ್ಲಿರಲಿಲ್ಲ. ಆಚೆಯವರೆಲ್ಲ ಅಂದಿನಿಂದ ನೀರು ಕುಡಿದೇ ಪೂಜೆಗೆ ಹೋಗುತ್ತಿದ್ದರು. ಈಚೆಯ ನಾವು ಬಾಯಿ ಒಣಗಿಸಿಕೊಂಡು ನಡೆಯುತ್ತಿದ್ದೆವು. ನಮಗೂ ತಿಳಿದಿದೆ ಎಂದು ಪಾದ್ರಿಗಳು, ಇದೇ ನಿಯಮ ಎಂದು ನಾವು. ಒಂದು ಹೊಳೆ ಅಡ್ಡ ಬಂದದ್ದಕ್ಕೆ ಎರಡು ದಡಕ್ಕೆ ಎರಡು ದೇವರಾಗಿ ಹೋಗಿತ್ತು. ನೆನೆಸಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಕನ್ನಡ ತಿಳಿದ ಗಂಡಸರು ಉಳಿದವರಿಗೆ ಅದನ್ನು ಮಲಯಾಳದಲ್ಲಿ ಹೇಳಿದರು. ಕೆಲವರು ನಕ್ಕರು. ಒಬ್ಬರು ಮುದುಕರು "ಯಾರು ಏನು ಹೇಳಿದರೂ ನಾನು ಕುಡಿಯುವುದಿಲ್ಲ" ಎಂದು ಗೊಣಗಿದರು. ಆಗ ಹಿಂದಿನ ಕಂಬದ ಹತ್ತಿರ ಅಮ್ಮ ಎದ್ದು ನಿಂತಳು. ಚಪ್ಪರದಲ್ಲಿ ಹೆಂಗಸು ಎದ್ದು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ನಾನು ಕಲಿಸಿದ ಮಾತುಗಳಲ್ಲೇ, ತುಂಡು ತುಂಡಾಗಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

"ಫಾದರೇ, ನೀರು ಕುಡಿದದ್ದು ಪಾಪ ಅಲ್ಲ. ಹಾಗಾದ್ರೆ ನನ್ನ ಮಗು ಸತ್ತದ್ದು ಎಂತಕ್ಕೆ?"

ಅದೂ ಮಲಯಾಳಕ್ಕೆ ತಿರುಗಿ ಅಮ್ಮಚ್ಚಿಯ ತನಕ ಹೋಯಿತು. ಅಪ್ಪ ಕೂತಲ್ಲೇ ಕಲ್ಲಾದರು. ಪಾದ್ರಿಗಳ ಕೈಯಲ್ಲಿ ಚೆಂಬು ಹಾಗೇ ಇತ್ತು. ದೇವರ ಚಿತ್ತ ಎನ್ನುತ್ತಾರೆ, ಸ್ವರ್ಗದ ಹೂವು ಎನ್ನುತ್ತಾರೆ ಎಂದು ನಾನು ಕಾದೆ. ತಂಗಿಯನ್ನು ಮಣ್ಣು ಮಾಡಿದ ದಿನ ಬಂದವರೆಲ್ಲ ಅದನ್ನೇ ಹೇಳಿ ಹೋಗಿದ್ದರು. ಪಾದ್ರಿಗಳು ಅಮ್ಮನನ್ನು ನೋಡಿ, "ನನಗೆ ಗೊತ್ತಿಲ್ಲಮ್ಮ" ಎಂದರು. "ಆದರೆ ನೀರಿಗಾಗಿ ಅಲ್ಲ. ಅಷ್ಟು ನನಗೆ ಗೊತ್ತುಂಟು."

ಆ ದಿನವೂ ಅಮ್ಮ ಪ್ರಸಾದಕ್ಕೆ ಏಳಲಿಲ್ಲ. ವಾಪಸ್ಸು ಬರುವಾಗ ಗೌಡ್ತಿಯ ಜಗಲಿಯಲ್ಲಿ ಅಮ್ಮಚ್ಚಿ ಕೂತುಬಿಟ್ಟಳು, ಅಪ್ಪನನ್ನು ಮುಂದೆ ಕಳಿಸಿದಳು. ಆಮೇಲೆ ಅಮ್ಮನ ಮುಖ ನೋಡದೆ ಹೇಳಿದಳು, "ನೀನು ಇಲ್ಲಿ ಕುಡಿದದ್ದನ್ನು ನಾನು ಆವತ್ತೇ ನೋಡಿದ್ದೆ. ಆ ಹಲಸಿನ ಮರದ ಹತ್ತಿರ ತಿರುಗಿ ನೋಡಿದೆ."

ಅಮ್ಮ ಜಗಲಿಯ ಅಂಚಿನಲ್ಲಿ ಕೂತಳು. ಅಮ್ಮಚ್ಚಿ ಮುಂದುವರಿಸಿದಳು.

"ಮಗು ಹೋದ ಮೇಲೆ ನಾನೂ ನಿನ್ನ ಹಾಗೆಯೇ ಎಣಿಸಿದೆ. ದೇವರು ಇನ್ನೊಂದನ್ನು ತೆಗೆಯದೆ ಇರಲಿ ಅಂತ ನಿನ್ನ ಬದಲು ಬುಧವಾರ ಹಿಡಿದೆ."

"ನೋಡಿಯೂ ಬಾಯಿ ಮುಚ್ಚಿ ಕೂತಿರಾ?" ಅಮ್ಮ ಅತ್ತೆಯ ಮುಂದೆ ದನಿ ಎತ್ತಿದ್ದು ಅದೇ ಮೊದಲು. "ನಾನು ಇಷ್ಟು ದಿನ ಒಳಗೆ ಬೆಂದು ಹೋದೆ, ನೀವು ಬದಿಯಲ್ಲಿ ಕೂತು ಗಂಜಿ ಬಿಟ್ಟಿರಾ? ಒಂದು ಮಾತು ಆಡಬಾರದಿತ್ತಾ?"

"ಆಡಿದರೆ ನಿಜ ಆಗ್ತದೆ ಅಂತ ಹೆದರಿದೆ," ಎಂದಳು ಅಮ್ಮಚ್ಚಿ. ಪೊಲೀಸರನ್ನು ನಾಚಿಸುವ ಮುದುಕಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಗೌಡ್ತಿಗೆ ಮಲಯಾಳ ಒಂದಕ್ಷರ ತಿಳಿಯದು, ಆದರೂ ಅವಳು ಮೂವರಿಗೂ ಬೆಲ್ಲ ನೀರು ತಂದಿಟ್ಟು ಒಳಗೆ ಹೋದಳು.

ಕೆಲವು ದಿನದಲ್ಲೇ ತಮ್ಮ ಹುಟ್ಟಿದ. ಬಾಣಂತನ ಮುಗಿದ ಮೇಲಿನ ಮೊದಲ ಪೂಜೆಗೆ ಅಮ್ಮ ಅವನನ್ನು ಎತ್ತಿಕೊಂಡು ಹೊರಟಳು. ಗೌಡ್ತಿಯ ಜಗಲಿಯಲ್ಲಿ ನಿಂತು, ಎಲ್ಲರ ಎದುರಿಗೆ ಚೆಂಬು ಎತ್ತಿ ಒಂದು ಗುಟುಕು ಕುಡಿದಳು. ಬೆಲ್ಲವನ್ನು ಮುಟ್ಟಲಿಲ್ಲ. "ಬೆಲ್ಲ ನಾನೆಂತ ಇರುವೆಗೆ ಇಟ್ಟದ್ದಾ?" ಎಂದು ಗೌಡ್ತಿ ಕೇಳಿದಳು. ಅಮ್ಮ ನಕ್ಕಳು. ಆ ದಿನ ಚಪ್ಪರದಲ್ಲಿ ಎದ್ದು ಹೋಗಿ ಪ್ರಸಾದ ತೆಗೆದುಕೊಂಡಳು. ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು ಎಂದುಕೊಂಡೆ.

ಅದೇ ವಾರ ತಮ್ಮನಿಗೆ ಜ್ವರ ಬಂತು.

ಚಳಿ ಬಂದು ನಡುಗುವುದು, ಮೈ ಕೆಂಡವಾಗುವುದು, ಬೆವರಿ ತಣ್ಣಗಾಗುವುದು, ಒಂದು ದಿನ ಬಿಟ್ಟು ಮತ್ತೆ ಅದೇ. ತಂಗಿಗೂ ಹೀಗೆಯೇ ಶುರುವಾಗಿತ್ತು. ಅಪ್ಪ ಅವನನ್ನು ಎತ್ತಿಕೊಂಡು ಪುತ್ತೂರಿನ ಆಸ್ಪತ್ರೆಗೆ ಹೋಗಿ ಕ್ವಿನೈನ್ ತಂದರು. ಪುಡಿ ಮಾಡಿ ಎದೆಹಾಲಿನಲ್ಲಿ ಕಲಸಿ ನಾಲಿಗೆಗೆ ಹಚ್ಚಿದರೆ ಅವನು ಕಹಿಗೆ ಕಿರುಚುತ್ತಿದ್ದ. ಸೊಳ್ಳೆಗೆ ಡಿ.ಡಿ.ಟಿ. ಹೊಡೆಯುವವರು ಬಂದು ಗೋಡೆಯನ್ನೆಲ್ಲ ಬಿಳಿ ಮಾಡಿ ಹೋದರು. ಜ್ವರ ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಅಮ್ಮ ಒಂದೇ ಸಲ ನನಗೆ ಹೇಳಿದಳು, "ನಾನು ಮತ್ತೆ ಕುಡಿದೆ ನೋಡು."

ನೀರಿಗಾಗಿ ಅಲ್ಲ ಎಂದು ಪಾದ್ರಿಗಳು ಹೇಳಿದ್ದು ನೆನಪಿತ್ತು. ಆದರೆ ಹೆದರಿಕೆಗೆ ರೋಮಿನ ಅಪ್ಪಣೆ ತಲುಪುತ್ತದೆಯೇ? ನಾನೂ ಅದನ್ನೇ ಎಣಿಸುತ್ತಿದ್ದೆ. ಹಂಡೆಯಿಂದ ನೀರು ತೆಗೆಯುವಾಗ ಕಳ್ಳನ ಹಾಗೆ ಹಿಂದೆ ಮುಂದೆ ನೋಡುತ್ತಿದ್ದೆ. ಅಮ್ಮಚ್ಚಿ ಮಾತ್ರ ಆ ಬುಧವಾರ ಎಲ್ಲರ ಮುಂದೆ ಕೂತು ಗಂಜಿ ಉಂಡಳು. ಉಣ್ಣುವಾಗ ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಗಂಟಲಿಗೆ ಇಳಿಯದ ಗಂಜಿಯನ್ನು ಬಲವಂತದಿಂದ ನುಂಗುತ್ತಿದ್ದಳು. ಅವಳು ಯಾವುದರ ವಿರುದ್ಧ ಹೋರಾಡುತ್ತಿದ್ದಳು ಎಂದು ನನಗೆ ಆಗ ಅರ್ಥವಾಗಲಿಲ್ಲ.

ಮತ್ತೆ ತಿಂಗಳ ಪೂಜೆ ಬಂತು. ತಮ್ಮನ ಮೈ ಆ ಬೆಳಿಗ್ಗೆಯೂ ಬಿಸಿಯೇ ಇತ್ತು. ಅಪ್ಪ ಅಮ್ಮನಿಗೆ ಮನೆಯಲ್ಲೇ ಇರು ಎಂದರು. ಅಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಅಂಗಳ ಇಳಿದೇಬಿಟ್ಟಳು. ಇವಳು ಇವತ್ತು ನೀರು ಮುಟ್ಟುವುದಿಲ್ಲ, ಉಪವಾಸ ಹಿಡಿದು ದೇವರ ಕಾಲು ಹಿಡಿಯಲು ಹೊರಟಿದ್ದಾಳೆ ಎಂದುಕೊಂಡೆ. ಮುಟ್ಟದಿರಲಿ ಎಂದು ನಾನೂ ಒಳಗೊಳಗೆ ಬೇಡುತ್ತಿದ್ದೆ. ಒಂದು ವೇಳೆ ಹಳೆಯ ದೇವರೇ ನಿಜವಾದರೆ?

ಗೌಡ್ತಿ ಚೆಂಬು ತಂದಳು. ಮಗುವಿನ ಹಣೆ ಮುಟ್ಟಿ ನೋಡಿ, ಆ ದೊಡ್ಡ ಗಂಟಲಿನ ಹೆಂಗಸು ಮೆಲ್ಲಗೆ ಚೆಂಬನ್ನು ಮುಂದೆ ಹಿಡಿದಳು. ಅಮ್ಮ ಚೆಂಬನ್ನು ತೆಗೆದುಕೊಂಡಳು. ನೀರು ತುಳುಕಿ ಅವಳ ಮಣಿಕಟ್ಟಿನಿಂದ ಮೊಣಕೈವರೆಗೆ ಹರಿಯಿತು. "ಬೇಡಮ್ಮಾ," ಎಂದೆ ನಾನು, ಜೋರಾಗಿಯೇ ಎಂದೆ.

ಅಮ್ಮ ನನ್ನನ್ನು ನೋಡಿದಳು. "ನನಗೂ ಹೆದರಿಕೆ ಉಂಟು ಮೋಳೇ," ಎಂದಳು. "ಆದರೆ ಇವತ್ತು ಕುಡಿಯದೆ ಹೋದರೆ, ನನ್ನ ಮಗಳನ್ನು ನೀರಿಗಾಗಿ ಕೊಂದವನು ದೇವರು ಅಂತ ನಾನೇ ಹೇಳಿದ ಹಾಗೆ. ಅಂಥವನ ಹತ್ತಿರ ನಾನು ಇವನನ್ನು ಹೇಗೆ ಬಿಡಲಿ?"

ತಮ್ಮ ಬದುಕಿದ. ಈಗ ಅವನಿಗೂ ಮೊಮ್ಮಕ್ಕಳಿದ್ದಾರೆ. ಆದರೆ ಆ ಬೆಳಿಗ್ಗೆ ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವನು ಅವಳ ಹೆಗಲ ಮೇಲೆ ಸುಡುತ್ತಿದ್ದ. ಅಮ್ಮ ಕಣ್ಣು ಮುಚ್ಚಿಕೊಂಡು ನೀರು ಕುಡಿದಳು, ಚೆಂಬನ್ನು ನನ್ನ ಕಡೆ ಚಾಚಿದಳು. ನಾನೂ ಕುಡಿದೆ.